ಮಿಷನ್ ಭಾವ

ಸಾಗರ ಸೀಮೆಯ ಅಡಿಕೆ ಊರುಗಳಲ್ಲಿ ಊರಿಗೊಬ್ಬ ಜೇನು ಬಿಡಿಸುವವ, ಊರಿಗೊಬ್ಬ ಹಾವು ಹಿಡಿಯುವವ ಇರುವ ಹಾಗೆ ಈಗ ಊರಿಗೊಬ್ಬ ಮಿಷನ್‌ನವ ಇದ್ದಾನೆ. ಕಳೆ ಹೊಡೆಯಲು, ಮದ್ದು ಹೊಡೆಯಲು, ಅಡಿಕೆ ಸುಲಿಯಲು ನಮ್ಮಲ್ಲಿ ಬೇಕಾದಷ್ಟು ಮಿಷನ್‌ಗಳಿವೆ. ಆದರೆ ಬರೀ ‘ಮಿಷನ್’ ಎಂದರೆ ಪೆಟ್ರೋಲಿನಲ್ಲಿ ಓಡುವ ಮರ ಕಡಿಯುವ ಗರಗಸ ಒಂದೇ. ನಮ್ಮೂರಲ್ಲಿ ಅದರ ಯಜಮಾನನನ್ನು ಅವನ ಸ್ವಂತ ಮಾವನೂ ಕರೆಯುವುದು ಮಿಷನ್ ಭಾವ ಎಂದೇ.

ಭಾವ ಮಿಷನ್ ಕಡ ಕೊಡುವವನಲ್ಲ. “ನಿಮ್ಮಕ್ಕನ ಎರಡೆಳೆ ಸರ ಕೇಳು, ಅವಳಿಗೆ ಹೇಳದೆ ತಂದುಕೊಡ್ತೇನೆ. ಇದೊಂದು ಕೇಳಬೇಡ” ಅನ್ನುತ್ತಾನೆ. ಬದಲಿಗೆ ತಾನೇ ಬರುತ್ತಾನೆ, ಪುಕ್ಕಟೆ. ಎರಡು ಲೋಟ ಚಾ ಮತ್ತು ಕೇಳುವ ಎರಡು ಕಿವಿ ಕೊಟ್ಟರಾಯಿತು. ಕೂಲಿಯವರನ್ನು ಕರೆದರೆ ಅರ್ಧ ದಿನದ ದುಡ್ಡು ಹೋಗುತ್ತದೆ, ಭಾವನನ್ನು ಕರೆದರೆ ಅರ್ಧ ದಿನವೇ ಹೋಗುತ್ತದೆ.

ಈ ಸಲ ಆರಿದ್ರೆ ಮಳೆಯಲ್ಲಿ ನಮ್ಮ ಕೊಟ್ಟಿಗೆಯ ದಾರಿಗೆ ಅಡ್ಡವಾಗಿ ಅಕೇಶಿಯಾ ಮರವೊಂದು ಬೇರು ಸಮೇತ ಮಗುಚಿತು. ಫೋನ್ ಮಾಡಿದೆ. ಸ್ಕೂಟರಿನಲ್ಲಿ ಬಂದ, ಬಲಗಾಲು ನೆಲಕ್ಕೆ ಉಜ್ಜುತ್ತ ಉಜ್ಜುತ್ತ ತುಳಸಿಕಟ್ಟೆಗೆ ಒಂದು ಮೊಳ ಇರುವಾಗ ನಿಂತ. ಅವನ ಸ್ಕೂಟರಿನ ಹಿಂದಿನ ಬ್ರೇಕು ಹೋಗಿ ಮೂರು ಮಳೆಗಾಲವಾಯಿತು, ಮುಂದಿನದು ಮನಸ್ಸು ಬಂದರೆ ಹಿಡಿಯುತ್ತದೆ.

ಚೀಲದಿಂದ ಮೊದಲು ಹೊರಬಂದದ್ದು ಸಿರಿಂಜು. ಕರುವಿಗೆ ಹುಳದ ಮದ್ದು ಕುಡಿಸಲು ತಂದದ್ದಂತೆ, ಈಗ ಬಡ್ತಿ ಸಿಕ್ಕಿದೆ. ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂ-ಟಿ ಆಯಿಲ್, ಅಂದರೆ 50ಕ್ಕೆ 1. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಗೆರೆ ನೋಡಿ ಒತ್ತುತ್ತಾನೆ. “ಇದರ ಇಂಜಿನ್ನಿಗೆ ಬೇರೆ ಆಯಿಲ್ ಇಲ್ಲ ಭಾವ, ಕುಡಿಯೋ ಪೆಟ್ರೋಲಲ್ಲೇ ಇರಬೇಕು. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ.” ಇಷ್ಟು ಲೆಕ್ಕದ ಮನುಷ್ಯ ತನ್ನ ಬಿಪಿ ಮಾತ್ರೆಯನ್ನು ಮಾತ್ರ “ನಿನ್ನೆ ತಗಂಡಿದ್ದೆ” ಎಂದು ಬಿಡುತ್ತಾನೆ.

ಪೆಟ್ರೋಲಿನ ಬಗ್ಗೆ ಅವನಿಗೆ ಇನ್ನೂ ಒಂದು ಕೊರಗಿದೆ. ಈಗ ಬಂಕಿನಲ್ಲಿ ಸಿಗುವುದರಲ್ಲಿ 20 ಪರ್ಸೆಂಟಿನವರೆಗೆ ಎಥನಾಲ್, ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳ, ಬೆಂಕಿಪೊಟ್ಟಣ, ಕಪಾಟಿನಲ್ಲಿಟ್ಟ ಮದುವೆಯ ಕೋಟು ಎಲ್ಲಕ್ಕೂ ಥಂಡಿ ಹಿಡಿಯುತ್ತದೆ. ಈಗ ಪೆಟ್ರೋಲೂ ಆ ಸಾಲಿಗೆ ಸೇರಿತು. ಹಾಗಾಗಿ ಭಾವ ಬೇಕಾದಷ್ಟೇ ಕಲಸುತ್ತಾನೆ. ಮಿಷನ್ ಎತ್ತಿಡುವ ಮೊದಲು ಟ್ಯಾಂಕು ಬಗ್ಗಿಸಿ, ಕಾರ್ಬೊರೇಟರಿನಲ್ಲಿ ಉಳಿದದ್ದೂ ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸುತ್ತಾನೆ. ಎತ್ತಿಡುವುದು ಎಲ್ಲಿ ಎಂದಿರಾ? ಒಲೆಯ ಹಿಂದಿನ ಬೆಚ್ಚಗಿನ ಕೋಣೆಯಲ್ಲಿ. ಸೋರುವ ಕೋಣೆಯಲ್ಲಿ ಭಾವ, ಅಕ್ಕ ಮಲಗುತ್ತಾರೆ.

ಆಮೇಲೆ ಚೈನಿಗೆ ಅರ ಹಾಕುವ ಕಾರ್ಯಕ್ರಮ. ಜಗಲಿಯ ಮೇಲೆ ಚಕ್ಕಳಮಕ್ಕಳ ಕೂತು, ದುಂಡನೆಯ ಅರ ಹಿಡಿದು, 30 ಡಿಗ್ರಿ ಓರೆಯಲ್ಲಿ ಪ್ರತಿ ಹಲ್ಲಿಗೂ ಮೂರೇ ಉಜ್ಜು, ಒಳಗಿನಿಂದ ಹೊರಕ್ಕೆ. ಒಂದು ಮಗ್ಗುಲು ಮುಗಿಸಿ ಇನ್ನೊಂದು ಮಗ್ಗುಲು. ತುಟಿ ಅಲ್ಲಾಡುವುದು ನೋಡಿದರೆ ಗಾಯತ್ರಿಯೇ ಇರಬೇಕು ಅನ್ನಿಸುತ್ತದೆ. ಹಲ್ಲಿನ ಮುಂದಿರುವ ಸಣ್ಣ ಉಬ್ಬು ಇನ್ನೂ ಸೂಕ್ಷ್ಮ. ಅವನ ಚೈನಿನಲ್ಲಿ ಅದು ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿರಬೇಕು. ತಗ್ಗು ಕಡಿಮೆಯಾದರೆ ಹಲ್ಲು ಮರ ಕಚ್ಚುವುದಿಲ್ಲ, ಜಾಸ್ತಿಯಾದರೆ ಕಚ್ಚಿದ್ದನ್ನು ಬಿಡುವುದಿಲ್ಲ.

ಅರ ಆಡುತ್ತಿರುವಾಗ ಹುಳದ ಕಥೆ ಬರಲೇಬೇಕು. 1946ರಲ್ಲಿ ಅಮೆರಿಕದ ಆರೆಗಾನ್ ಕಾಡಿನಲ್ಲಿ ಜೋ ಕಾಕ್ಸ್ ಎಂಬವನು ಮರದ ಕುಂಟೆ ಕೊರೆಯುತ್ತಿದ್ದ ದುಂಬಿಯ ಹುಳವನ್ನು ನೋಡುತ್ತ ನಿಂತನಂತೆ. ಮರದ ನಾರು ಹೇಗೇ ಇರಲಿ, ಅದರ ಎರಡು ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೆತ್ತುತ್ತ ಸಲೀಸಾಗಿ ಸಾಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿದ. ಇವತ್ತಿನ ಚೈನಿನ ಹಲ್ಲಿಗೆ ಆ ದವಡೆಯೇ ಮೂಲ. ಎಷ್ಟನೇ ಸಲ ಕೇಳುತ್ತಿದ್ದೇನೋ ಲೆಕ್ಕವಿಲ್ಲ, ಆದರೂ ಕೇಳಿದಾಗೆಲ್ಲ ಸಣ್ಣ ನಾಚಿಕೆಯಾಗುತ್ತದೆ. ನಾವು ತೆಂಗಿನ ಸುಳಿಯಿಂದ ಕುರುವಾಯಿ ಹುಳವನ್ನು ಕೊಕ್ಕೆ ಹಾಕಿ ಎಳೆದದ್ದೇ ಬಂತು, ಅದರ ಬಾಯಿ ನೋಡಿದವರು ಯಾರು?

ಅಷ್ಟರಲ್ಲಿ ಅರ್ಧ ಊರು ಕೊಡೆ ಹಿಡಿದು ಸೇರಿತ್ತು. ಮಲೆನಾಡಿನಲ್ಲಿ ಮರ ಬಿದ್ದರೆ ಕಡಿಯುವವ ಒಬ್ಬ, ಕಡಿಯುವುದು ಹೇಗೆಂದು ಬಲ್ಲವರು ಹದಿನೈದು ಮಂದಿ. ಭಾವ ಲುಂಗಿ ಕಳಚಿ, ಬೆಂಗಳೂರಿನ ಮಗ ಬಿಟ್ಟುಹೋದ ದಪ್ಪ ಜೀನ್ಸು, ಗಂಬೂಟು, ಕಿವಿಮುಚ್ಚಳ ಮತ್ತು ಜಾಲರಿ ಇರುವ ಹೆಲ್ಮೆಟ್ಟು ಏರಿಸಿದ. ಮಿಷನ್ನನ್ನು ನೆಲಕ್ಕಿಟ್ಟು, ಹಿಂದಿನ ಹಿಡಿಕೆಯೊಳಗೆ ಬೂಟಿನ ತುದಿ ತೂರಿಸಿ, ಚೈನ್ ಬ್ರೇಕ್ ಹಾಕಿಯೇ ಹಗ್ಗ ಎಳೆದ. ಕೈಯಲ್ಲಿ ತೂಗಾಡಿಸಿಕೊಂಡು ಎಳೆಯುವವರ ಹತ್ತಿರ ಅವನು ಮಾತು ಬಿಟ್ಟಿದ್ದಾನೆ. ಅವರಲ್ಲಿ ಒಬ್ಬ ಅವನ ತಮ್ಮ. ಚೈನು ಸುತ್ತುವ ಉದ್ದನೆಯ ಬಾರಿನ ತುದಿಯನ್ನು ನನ್ನ ಆ ದಿನದ ಪೇಪರಿನ ಎದುರು ಹಿಡಿದು ಆಕ್ಸಿಲರೇಟರ್ ಒತ್ತಿದ. ಸಂಪಾದಕೀಯಕ್ಕೆ ಅಡ್ಡವಾಗಿ ಎಣ್ಣೆಯ ಗೆರೆ ಬಿತ್ತು. ಚೈನಿಗೆ ಎಣ್ಣೆ ಬರುತ್ತಿದೆ ಎಂದು ಅವನಿಗೆ ಸಮಾಧಾನ. ನಾನಿನ್ನೂ ಪೇಪರ್ ಓದಿರಲಿಲ್ಲ.

ಮತ್ತೆ ಆಫ್ ಮಾಡಿದ. ಪಾಠ ಬಾಕಿ ಇತ್ತು.

“ಬಾರಿನ ತುದಿ ಗಡಿಯಾರ ಅಂದುಕೊಳ್ಳಿ. 12ರಿಂದ 3ರವರೆಗೆ ರಾಹುಕಾಲ. ಆ ಜಾಗ ಮರಕ್ಕೆ ತಾಗಿತೋ, ಮಿಷನ್ ಎಗರಿ ವಾಪಸ್ ನಮ್ಮ ಮುಖಕ್ಕೇ ಬರ್ತದೆ. ರೆಪ್ಪೆ ಹೊಡೆಯೋಕೂ ಪುರುಸೊತ್ತು ಕೊಡೋದಿಲ್ಲ.” ಇದು ಅವನಿಗೆ ಬಾಯಿಪಾಠವಲ್ಲ, ಅನುಭವ. ಒಮ್ಮೆ ಮಾವಿನ ಕೊಂಬೆಯ ಹಿಂದಿದ್ದ ಇನ್ನೊಂದು ಕೊಂಬೆಗೆ ತುದಿ ತಾಗಿ, ಎಡ ಮಣಿಕಟ್ಟು ಮುಂದಿನ ಗಾರ್ಡಿಗೆ ಬಡಿದು ಬ್ರೇಕ್ ಬಿದ್ದು, ಚೈನು ಮುಖದಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಅವತ್ತಿನಿಂದ ಮಿಷನ್ ಬಳಸುವ ದಿನವೆಲ್ಲ ಆ ಬ್ರೇಕನ್ನು ಪರೀಕ್ಷಿಸುತ್ತಾನೆ. “ಹಾಗೇ ಸ್ಕೂಟರಿಂದೂ ಒಂಚೂರು...” ಎಂದು ಅಕ್ಕ ಎಷ್ಟೋ ಸಲ ಹೇಳಿ ಬಿಟ್ಟಿದ್ದಾಳೆ.

“ಬುಡದ ಹಿಂದೆ ಯಾರೂ ನಿಲ್ಲಬೇಡಿ” ಅಂದ. ಕೆಳಮನೆಯ ಹಿರಿಯರು ಮಾತ್ರ ಕದಲಲಿಲ್ಲ. “ಬಿದ್ದ ಮರ ಇನ್ನೆಲ್ಲಿ ಬೀಳ್ತದೆ ಮಾರಾಯ” ಎಂದು ಕವಳ ಉಗುಳಿದರು. ಭಾವ ಕೈಕಟ್ಟಿ ನಿಂತ. ಅವರು ಗೊಣಗುತ್ತ ಹತ್ತು ಹೆಜ್ಜೆ ಸರಿಯುವವರೆಗೆ ಮಿಷನ್ ಮುಟ್ಟಲಿಲ್ಲ. ಆಮೇಲೆ ಕಾಂಡದ ಯಾವ ಮೈ ಒತ್ತಿಕೊಂಡಿದೆ, ಯಾವುದು ಬಿಗಿದುಕೊಂಡಿದೆ ಎಂದು ಬಗ್ಗಿ ನೋಡಿ, ಒತ್ತಿದ ಕಡೆಯಿಂದ ಸ್ವಲ್ಪ ಕೊಯ್ದು, ಬಿಗಿದ ಕಡೆಯಿಂದ ಮುಗಿಸಿದ. ತೆಂಗಿನ ತುರಿಯ ಹಾಗೆ ಚಕ್ಕೆ ಹಾರಿತು. ಹಿಟ್ಟು ಹಾರಿದ್ದರೆ ಚೈನು ಮೊಂಡು ಎಂದರ್ಥ, ಮತ್ತೆ ಜಗಲಿ, ಮತ್ತೆ ಹುಳ. ಕಾಂಡದ ಭಾರ ಕಳಚಿದ್ದೇ ತಡ, ಎದ್ದು ನಿಂತಿದ್ದ ಬೇರಿನ ಗೋಡೆ ಮಣ್ಣು ಸಮೇತ ಧಡಕ್ಕನೆ ಗುಂಡಿಗೆ ಮಗುಚಿಕೊಂಡಿತು. ಆ ಕವಳದ ಕಲೆ ಈಗ ಅದರ ಅಡಿಯಲ್ಲಿದೆ. ಹಿರಿಯರು ಕೊಡೆ ಮಡಚಿ ಮಾತಿಲ್ಲದೆ ಮನೆಗೆ ಹೋದರು. ಎರಡು ತಾಸಿನ ಸಿದ್ಧತೆಗೆ ಹನ್ನೆರಡು ನಿಮಿಷದ ಕೆಲಸ.

ಚಾ ಆಯಿತು. ಏರ್ ಫಿಲ್ಟರ್ ಕೊಡವಿ, ಬಾರಿಗೆ ಕವರ್ ತೊಡಿಸಿ, ಗೋಣಿಯಲ್ಲಿ ಸುತ್ತಿ ಸ್ಕೂಟರಿನ ಮುಂದೆ ಮಲಗಿಸಿಕೊಂಡು, ಮತ್ತೆ ಲುಂಗಿ, ಹವಾಯಿ ಚಪ್ಪಲಿಯಲ್ಲಿ ಭಾವ ಹೊರಟ. ನಮ್ಮ ಅಂಗಳದಿಂದ ಉಣಗೋಲಿನವರೆಗೆ ಇಳುಕಲು. ಅರ್ಧ ಇಳಿದಿರಬೇಕು, “ಅಯ್ಯೋ, ಚೈನ್ ಸಡಿಲ ಮಾಡಿಲ್ಲ!” ಎಂಬ ಕೂಗು ಕೇಳಿತು. ಬಿಸಿ ಚೈನು ಆರಿದಾಗ ಕುಗ್ಗುತ್ತದೆ, ಬಿಗಿಯಾಗಿಯೇ ಬಿಟ್ಟರೆ ಒಳಗಿನ ಶಾಫ್ಟು, ಬೇರಿಂಗು ಹಾಳು ಎಂದು ಎರಡನೇ ಲೋಟದ ಹೊತ್ತಿಗೆ ಹೇಳಿದ್ದ. ನಿಲ್ಲಿಸಲು ಕಾಲು ಊರಿದ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಚಪ್ಪಲಿ ಜಾರಿತು. ಉಣಗೋಲಿನ ಎರಡು ಗಳ ಮುರಿದ ಸದ್ದಾಯಿತು.

ಓಡಿಹೋದೆ. ಭಾವ ಕೆಸರಿನಲ್ಲಿ ಕೂತಿದ್ದ, ಹೆಬ್ಬೆರಳಿನಿಂದ ರಕ್ತ. ಮಡಿಲಲ್ಲಿ ಮಿಷನ್, ಕೈಯಲ್ಲಿ ಸ್ಪ್ಯಾನರ್.

“ಭಾವ, ಬೆರಳು...” ಅಂದೆ.

“ತಡಿ, ಬಾರ್ ಬೆಂಡಾಗಿದ್ಯಾ ನೋಡ್ತೇನೆ” ಅಂದ.