ವೆಂಡರ್ ರಿಸ್ಕ್ ಸಾಹೇಬರಿಗೆ ಎಸಿ ರಿಪೇರಿಯವನ ನಮಸ್ಕಾರ

ಮಾನ್ಯರೇ,

ತಾವು ಕಳಿಸಿದ ಎಕ್ಸೆಲ್ ಪ್ರಶ್ನಾವಳಿ ತಲುಪಿತು. ಭೂಕಂಪವಾದರೆ ನಮ್ಮ ಡೇಟಾ ಸೆಂಟರ್ ಎಷ್ಟು ಗಂಟೆಯಲ್ಲಿ ಚೇತರಿಸಿಕೊಳ್ಳುತ್ತದೆ ಎಂದು ಕೇಳಿದ್ದೀರಿ. ನಮ್ಮ ಡೇಟಾ ಸೆಂಟರ್ ಎಂದರೆ ಪೀಣ್ಯದ ಶೆಡ್ಡಿನಲ್ಲಿರುವ ಬಿಲ್ ಬುಕ್ಕು ಮತ್ತು ಒಂದು ಹಳೇ ಲ್ಯಾಪ್‌ಟಾಪು. ‘ಅನ್ವಯಿಸುವುದಿಲ್ಲ’ ಎಂದು ಒತ್ತಿದರೆ ಆ ಸಾಲು ಕೆಂಪಾಗುತ್ತದೆ, ‘ಹೌದು’ ಎಂದರೆ ಹಸಿರು. ಹಾಗಾಗಿ ನಾವೀಗ ಮೇಲಿಂದ ಕೆಳಗಿನವರೆಗೆ ಹಸಿರು. ಶೆಡ್ಡಿಗೆ ಬಂದು ನೋಡುವ ತೊಂದರೆ ತಾವು ತೆಗೆದುಕೊಂಡಿಲ್ಲ; ಇರಲಿ, ಪೀಣ್ಯದ ಟ್ರಾಫಿಕ್ಕು ನಮಗೂ ಗೊತ್ತು.

ನಮ್ಮ ಕಸುಬಿನವರೆಂದರೆ ತಮಗೇಕೆ ಭಯ ಎಂದು ಬಲ್ಲೆ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಗೆ ಕನ್ನ ಬಿದ್ದದ್ದು ಪೆನ್ಸಿಲ್ವೇನಿಯಾದ ಎಸಿ ಗುತ್ತಿಗೆದಾರರೊಬ್ಬರ ಲಾಗಿನ್ ಮೂಲಕ. ಬಿಲ್ಲು, ಕಾಂಟ್ರಾಕ್ಟು ಸಲ್ಲಿಸಲೆಂದು ಕೊಟ್ಟಿದ್ದ ಲಾಗಿನ್ ಅದು. ಅದನ್ನೇ ಹಿಡಿದು ಒಳಹೊಕ್ಕ ಕಳ್ಳರು ಕ್ಯಾಶ್ ಕೌಂಟರಿನವರೆಗೂ ನಡೆದುಹೋದರು. 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಗುತ್ತಿಗೆದಾರರ ಕಡೆಯವರು ನಕಲಿ ಇಮೇಲಿಗೆ ಬಲಿಬಿದ್ದದ್ದು ತಪ್ಪೇ. ಆದರೆ ಬಿಲ್ಲು ಕೊಡುವ ಕಿಂಡಿಯಿಂದ ಗಲ್ಲಾಪೆಟ್ಟಿಗೆಗೆ ದಾರಿ ಬಿಟ್ಟವರು ಯಾರು ಸ್ವಾಮಿ? ಅದೇ ವರ್ಷ ಸೆಪ್ಟೆಂಬರಿನಲ್ಲಷ್ಟೇ ಆ ಕಂಪನಿಗೆ ಕಾರ್ಡ್ ಸುರಕ್ಷತೆಯ ಪ್ರಮಾಣಪತ್ರ ಸಿಕ್ಕಿತ್ತು. ಅದೂ ಹಸಿರೇ ಇದ್ದಿರಬೇಕು.

ಕಳವು ನಡೆಯುತ್ತಿರುವಾಗಲೇ ಎಚ್ಚರಿಕೆ ಬಂದಿತ್ತು. ಅದನ್ನು ಕಂಡು ಅಮೆರಿಕದ ಮುಖ್ಯ ಕಚೇರಿಗೆ ಮುಟ್ಟಿಸಿದವರು ನಮ್ಮ ಬೆಂಗಳೂರಿನಲ್ಲಿದ್ದ ಟಾರ್ಗೆಟ್‌ನದೇ ತಂಡದವರು ಎಂದು ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಬರೆಯಿತು. ತಕ್ಷಣ ಏನೂ ಮಾಡಬೇಕಾಗಿಲ್ಲ ಎಂದು ಅಲ್ಲಿನವರು ತೀರ್ಮಾನಿಸಿದರು. ಮರುವರ್ಷ ಮೇ ತಿಂಗಳಲ್ಲಿ ಸಿಇಒ ಕುರ್ಚಿ ಬಿಟ್ಟರು. 2017ರಲ್ಲಿ ರಾಜ್ಯಗಳ ಜೊತೆಗಿನ ರಾಜಿಗೇ 1.85 ಕೋಟಿ ಡಾಲರ್ ಹೋಯಿತು.

ಇನ್ನೊಂದು ಕೇಳಬೇಕಿತ್ತು, ಸಣ್ಣವನ ಬಾಯಿ ದೊಡ್ಡದು ಅನ್ನಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಸುರಕ್ಷತಾ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಅಂಥವರೂ ವೆಂಡರುಗಳೇ ಅಲ್ಲವೆ? ಈ ಎಕ್ಸೆಲ್ ಅವರಿಗೂ ಹೋಗುತ್ತದೆಯೋ, ಇಲ್ಲಾ ಅವರು ಕಳಿಸಿದ ಷರತ್ತಿಗೆ ತಾವೇ ಓದದೆ ಸಹಿ ಹಾಕುತ್ತೀರೋ? ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತವರಿಗೆ ಇಲ್ಲದ ಭೂಕಂಪದ ಪ್ರಶ್ನೆ ಗ್ಯಾಸ್ ತುಂಬಲು ಬರುವವನಿಗೆ ಮಾತ್ರ ಏಕೆ?

ಕೊನೆಯದಾಗಿ, ನಮ್ಮಲ್ಲಿ ಕೆಲಸ ಬಿಟ್ಟು ಊರಿಗೆ ಹೋದ ಹುಡುಗನ ಲಾಗಿನ್ ತಮ್ಮ ಪೋರ್ಟಲಿನಲ್ಲಿ ಇನ್ನೂ ತೆರೆದುಕೊಳ್ಳುತ್ತಿದೆ. ರದ್ದು ಮಾಡಿ ಎಂದು ಬರೆದದ್ದಕ್ಕೆ, ಮೊದಲು ಪ್ರಶ್ನಾವಳಿ ತುಂಬಿ ಕಳಿಸಿ ಎಂದು ಉತ್ತರ ಬಂತು. ತುಂಬಿ ಲಗತ್ತಿಸಿದ್ದೇನೆ. ಹಳೇ ಬಿಲ್ಲಿನ ಬಾಕಿಯ ವಿಷಯ ಬೇರೆ ಪತ್ರದಲ್ಲಿ ಬರೆಯುತ್ತೇನೆ.

ಇಂತಿ,
ತಮ್ಮ ‘ಹೆಚ್ಚು ಅಪಾಯ’ದ ಪಟ್ಟಿಯಲ್ಲಿರುವ
ಎಸಿ ರಿಪೇರಿಯವನು