ಪಟ್ಟಿಸಂಧಿ ಪ್ರಕರಣ

ಗೋಡೆಯ ಮೇಲೆ ವೈರನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಪಿವಿಸಿ ಪಟ್ಟಿಗೆ ಅಂಗಡಿಯಲ್ಲಿ ಕೇಸಿಂಗ್-ಕ್ಯಾಪಿಂಗ್ ಎಂದು ಹೆಸರು. ಸ್ಕ್ರೂ ಹೊಡೆದು ಗೋಡೆಗೆ ಕೂರಿಸುವ ತಳಪಟ್ಟಿ ಪ್ರಕೃತಿ. ಅದರ ಮೇಲೆ ಅದುಮಿ ಹತ್ತಿಸುವ ಮುಚ್ಚಳ ಪ್ರತ್ಯಯ. ಪ್ರತ್ಯಯ ಹತ್ತದ ಪ್ರಕೃತಿ ಪ್ರಯೋಗಕ್ಕೆ ಯೋಗ್ಯವಲ್ಲ ಎನ್ನುತ್ತದೆ ಶಾಸ್ತ್ರ. ಬಾಡಿಗೆ ಮನೆಗಳಲ್ಲಿ ಅಂಥ ಪ್ರಯೋಗಗಳು ಹೇರಳ.

ಒಂದು ಪಟ್ಟಿ ಮತ್ತೊಂದನ್ನು ಕಾಲವಿಳಂಬವಿಲ್ಲದೆ ಕೂಡುವುದು ಸಂಧಿ. (ಎಲೆಕ್ಟ್ರಿಷಿಯನ್ ‘ನಾಳೆ ಬರ್ತೀನಿ ಸಾರ್’ ಎಂದು ಹೋಗಿದ್ದರೆ ‘ಕಾಲವಿಳಂಬವಿಲ್ಲದೆ’ ಎಂಬುದನ್ನು ಬಿಟ್ಟು ಓದಿಕೊಳ್ಳಬೇಕು.) ಇಲ್ಲಿ ಮಹಾಪ್ರಾಣ ಬಹು ಮುಖ್ಯ. ಅದು ಹೋದರೆ ಉಳಿಯುವುದು ಸಂದಿ; ಅದರೊಳಗೆ ಜಿರಳೆ ಸಂಸಾರ ಹೂಡುತ್ತದೆ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟರೂ ಪಟ್ಟಿಯ ಸುದ್ದಿ ಎತ್ತಿಲ್ಲ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋದದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಆದ್ದರಿಂದ ಇದನ್ನು ಗ್ರಂಥದೋಷವೆಂದು ಎಣಿಸಲಾಗದು.

ಶುದ್ಧ ಸಂಧಿಯ ಸೂತ್ರ ಚಿಕ್ಕದು: ಮೂಲೆಯ ಕೋನದ ಅರ್ಧಕ್ಕೆ ಎರಡೂ ಪಟ್ಟಿಗಳನ್ನು ಕೊಯ್ಯುವುದು. 90ಕ್ಕೆ 45. ಕೋನಮಾಪಕ ಇಲ್ಲದವರು 25 ಮಿ.ಮೀ. ಅಗಲದ ಪಟ್ಟಿಯ ತುದಿಯಿಂದ ಒಂದು ಅಂಚಿನಗುಂಟ 25 ಮಿ.ಮೀ. ಅಳೆದು, ಅಲ್ಲಿಂದ ತುದಿಯ ಎದುರು ಮೂಲೆಗೆ ಓರೆಗೆರೆ ಎಳೆದರೆ ಸಾಕು. ಗೆರೆಯ ಉದ್ದ ಸುಮಾರು 35 ಮಿ.ಮೀ. ಬಂದರೆ ಲೆಕ್ಕ ಸರಿ. ತೊಡಕು ಬೇರೆ ಕಡೆ ಇದೆ. 90 ಡಿಗ್ರಿ ಇರುವುದು ಮನೆಯ ನಕ್ಷೆಯಲ್ಲಿ. ತಾರಸಿಗೂ ಬಾಗಿಲ ಚೌಕಟ್ಟಿಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಅಂಥಲ್ಲಿ ಪೂರ್ವಪಟ್ಟಿಯ ಮೇಲೆ ಉತ್ತರಪಟ್ಟಿಯನ್ನು ಇದ್ದ ಓರೆಯಲ್ಲೇ ಅಡ್ಡಲಾಗಿ ಹಿಡಿದು, ಒಳ ಅಂಚುಗಳು ಸಂಧಿಸುವಲ್ಲಿ ಒಂದು, ಹೊರ ಅಂಚುಗಳು ಸಂಧಿಸುವಲ್ಲಿ ಇನ್ನೊಂದು ಗುರುತು ಹಾಕಿ ಕೂಡಿಸಬೇಕು. ಆ ಗೆರೆಯೇ ಕೊಯ್ಯುವ ಗೆರೆ. ಡಿಗ್ರಿಯ ಗೊಡವೆಯೇ ಇಲ್ಲ. ಗೋಡೆಯಿಂದ ಗೋಡೆಗೆ ತಿರುಗುವ ಒಳಮೂಲೆಯಲ್ಲಿ ಓರೆಯಾಗಬೇಕಾದ್ದು ಪಟ್ಟಿಯ ಅಗಲವಲ್ಲ, ದಪ್ಪ. ಇದನ್ನು ಮರೆತವರ ಪಟ್ಟಿ ದೊಡ್ಡದು.

ಕೊಯ್ಯುವಾಗ ಮುಚ್ಚಳ ಹಾಕಿಯೇ ಇರಬೇಕು. ಬರಿಯ ತಳಪಟ್ಟಿ ಬ್ಲೇಡಿಗೆ ಬಳುಕುತ್ತದೆ. ಹ್ಯಾಕ್ಸಾ ಬ್ಲೇಡಿನ ಹಲ್ಲು ಸಣ್ಣದಿರಲಿ, ಅಂಗುಲಕ್ಕೆ 24 ಅಥವಾ 32. ಕೊಯ್ದ ಅಂಚಿನ ಜುಂಗನ್ನು ಅರದಿಂದ ಉಜ್ಜಿ ತೆಗೆಯದಿದ್ದರೆ ಅದು ವೈರಿನ ಹೊದಿಕೆಯನ್ನು ಗೀರುತ್ತದೆ. ಆಗ ಮಹಾಪ್ರಾಣದ ಪ್ರಶ್ನೆ ವ್ಯಾಕರಣದಾಚೆಗೆ ಹೋಗುತ್ತದೆ.

ಲೋಕರೂಢಿಯಲ್ಲಿ ಶುದ್ಧ ಸಂಧಿ ವಿರಳ, ವಿಕಾರಗಳೇ ಹೆಚ್ಚು. ಪಟ್ಟಿಯ ತುದಿ ಅರ್ಧ ಅಂಗುಲ ಗಿಡ್ಡವಾಗಿ ಬಂದರೆ ಲೋಪಸಂಧಿ. ಆ ಲೋಪದೊಳಗೆ ವೈಟ್ ಸಿಮೆಂಟು ಬಂದು ಸೇರಿದರೆ ಆಗಮಸಂಧಿ. ಕೊಯ್ದದ್ದು ಕೆಟ್ಟು, ಅದರ ಜಾಗಕ್ಕೆ ಅಂಗಡಿಯ ಸಿದ್ಧ ಎಲ್ಬೋ ಬಂದು ಕೂತರೆ ಆದೇಶಸಂಧಿ. ಎಲ್ಬೋ ತರಲು ಆದೇಶ ಸಿಗುವುದು ಮನೆಯ ಯಜಮಾನನಿಗೆ. ನೇರ ಓಟದಲ್ಲಿ ಎರಡು ಬಿಳಿ ಪಟ್ಟಿಗಳು ಕೂಡಿ ಉದ್ದವಾಗುವುದು ಸವರ್ಣದೀರ್ಘ. ಒಂದು ಹಳೆಯದಾಗಿ ಹಳದಿಗೆ ತಿರುಗಿದ್ದರೆ ದೀರ್ಘ ಬರುತ್ತದೆ, ಸವರ್ಣ ಬರುವುದಿಲ್ಲ. ಸಂಧಿಯನ್ನೇ ಮಾಡದೆ ಎರಡನ್ನೂ ಇದ್ದ ಹಾಗೆ ಬಿಡುವುದು ಪ್ರಕೃತಿಭಾವ. ಭಾಷೆಯಲ್ಲಿ ‘ಅಯ್ಯೋ’, ‘ಅಬ್ಬಾ’ ಮುಂತಾದ ಉದ್ಗಾರಗಳು ಮೊದಲು ಬಂದು ಪ್ರಕೃತಿಭಾವ ಆಮೇಲೆ. ಗೋಡೆಯ ಮೇಲೆ ಕ್ರಮ ಉಲ್ಟಾ. ಬೀರುವಿನ ಹಿಂದೆ ಎಲ್ಲ ವಿಕಾರಗಳಿಗೂ ವಿನಾಯಿತಿ ಉಂಟೆಂಬುದು ಕಂಟ್ರಾಕ್ಟರ್ ಪಂಥದ ಮತ.

ಪಟ್ಟಿಯೊಳಗೆ ವೈರಿಗೆ ವೈರು ಹೊಸೆದು ಟೇಪು ಸುತ್ತುವುದು ಸಂಧಿಯಲ್ಲ, ಸಮಾಸ, ಅದೂ ಅರಿಸಮಾಸ. ಅದಕ್ಕೆ ಜಂಕ್ಷನ್ ಬಾಕ್ಸೇ ತಕ್ಕ ಸ್ಥಳ. ಮುಚ್ಚಳವನ್ನು ಗುದ್ದಿ ಕೂರಿಸುವಷ್ಟು ವೈರು ತುರುಕಿದರೆ ಬಿಸಿ ಹೊರಹೋಗಲು ಜಾಗವಿರುವುದಿಲ್ಲ.

ಕಡೆಗೆ ಪೇಂಟರ್ ಬಂದು ಗೋಡೆಯ ಜೊತೆಗೇ ಪಟ್ಟಿಗೂ ಎರಡು ಕೋಟು ಬಳಿಯುತ್ತಾನೆ. ಆಮೇಲೆ ಮುಚ್ಚಳ ಅಲುಗುವುದಿಲ್ಲ. ಯಾವ ಸಂಧಿಯನ್ನೂ ಬಿಡಿಸಿ ಬರೆಯಲು ಬರುವುದಿಲ್ಲ.