‘ಸ್ಟೇಷನ್ ಮಾತ್ರ ನಂದ್ರೀ, ಗಾಡಿ ನಂದಲ್ಲ’

ತೋರಣಗಲ್ಲು ಜಂಕ್ಷನ್. ರಂಜಿತ್‌ಪುರದ ಕಡೆಯಿಂದ ಅದಿರಿನ ಗೂಡ್ಸ್ ಹಾದುಹೋಗಿ ಬೆಂಚಿನ ಮೇಲೆ ಕೆಂಪು ದೂಳು ಕೂತಿತ್ತು. ಅದನ್ನು ಟವೆಲ್ಲಿನಿಂದ ಕೊಡವಿ ಕೂತವರು ಇಂಗ್ಲಿಷಿನ ಪ್ರಿಪೋಸಿಷನ್ ಶ್ರೀ ‘ಆಟ್’. ಎರಡಕ್ಷರದ ಆಸಾಮಿ. ಪಕ್ಕದಲ್ಲಿ, ಉಕ್ಕಿನ ಕಾರ್ಖಾನೆಯ ಇಂಟರ್‌ವ್ಯೂಗೆ ಹೊರಟ ಹುಡುಗನೊಬ್ಬ ಗ್ರಾಮರ್ ಪುಸ್ತಕ ಉರುಹೊಡೆಯುತ್ತಿದ್ದ.

ಈ ಕಡೆ ಕೆಲಸ ಹೇಗಿದೆ ಸಾರ್?

ಕೆಲಸ ಎಲ್ಲೈತ್ರೀ? ನಿಮ್ಮ ‘ಅಲ್ಲಿ’ ಒಬ್ಬನೇ ಕುಂತು ಮೂರು ಮಂದಿ ಪಗಾರ ತಿಂತಾನೆ. ಸ್ಟೇಷನ್ನಲ್ಲಿ, ಸಂಡೂರು ತಾಲ್ಲೂಕಲ್ಲಿ, ಹೊಸಪೇಟೆ-ಬಳ್ಳಾರಿ ಲೈನಲ್ಲಿ. ನಮ್ಮ ಮನೆಯಾಗ ಸ್ಟೇಷನ್ನಿಗೆ ನಾನು, ತಾಲ್ಲೂಕಿಗೆ ಇನ್, ಲೈನಿಗೆ ಆನ್.

ಇಲ್ಲಿನ ಜನ ‘ಸ್ಟೇಷನ್ನಾಗ’ ಅನ್ನುತ್ತಾರಲ್ಲ?

ಹೆಸರು ಬೇರೆ, ದುಡಿಯೋನು ಅವನೇ.

ಆ ಕೆಲಸ ನಿನ್ನೆ ಮೊನ್ನೆಯದಲ್ಲ ಬಿಡಿ. ಹಳಗನ್ನಡದಲ್ಲಿ ಆ ಜಾಗದಲ್ಲಿ ‘ಒಳ್’ ಇತ್ತು. ಹದಿಮೂರನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿಗಳ ಲೆಕ್ಕ ಬರೆದಿಟ್ಟಿದ್ದಾನೆ.

ಬರೆದಾನೆ, ಆದ್ರೆ ಎಲ್ಲರೂ ನಾಮಪದದ ಬೆನ್ನಿಗೆ! ನಾವು ಮುಂದೆ ನಿಲ್ಲೋರು. ಲ್ಯಾಟಿನ್ನಿಂದ ಬಂದ ನಮ್ಮ ಕುಲದ ಹೆಸರಿಗೆ ಅರ್ಥವೇ ‘ಮುಂದಿಟ್ಟದ್ದು’. ನಮ್ಮವರು ವಾಕ್ಯದ ಕೊನೆಗೆ ಹೋಗಿ ನಿಂತದ್ದನ್ನ 1672ರಾಗ ಡ್ರೈಡನ್ ಕವಿ ಬೆನ್ ಜಾನ್ಸನ್ನನ ತಪ್ಪು ಅಂತ ಎತ್ತಿ ಆಡಿದ.

(ತನ್ನ ಬರಹದಲ್ಲೂ ಅದೇ ತಪ್ಪು ಕಂಡಿತೆಂದು ಡ್ರೈಡನ್ ಅಲ್ಲೇ ಒಪ್ಪಿಕೊಂಡಿದ್ದ. ಮೇಷ್ಟ್ರುಗಳು ಅಷ್ಟು ಭಾಗ ಪಾಠ ಮಾಡುವುದಿಲ್ಲ.)

ಈ ಹುಡುಗ ಎಲ್ಲಿ ಎಡವುತ್ತಾನೆ?

ಎಡವೋದಲ್ರೀ, ಕನ್ನಡ ಹಿಂದಿನಿಂದ ಕಿವಿ ಊದ್ತೈತಿ. ‘ಅವನ ಮೇಲೆ ಸಿಟ್ಟು’ ಅಂತೀರಿ, ‘ಆಂಗ್ರಿ ಆನ್ ಹಿಮ್’ ಆತು. ಅಲ್ಲಿ ಕೂರಬೇಕಾದವನು ‘ವಿತ್’. ‘ಐದು ವರ್ಷದಿಂದ’ ಅಂತೀರಿ, ‘ಫ್ರಮ್ ಫೈವ್ ಇಯರ್ಸ್’ ಆತು. ಪಾಪ, ‘ಫಾರ್’ ಹೊರಗ ಕಾಯ್ತಿರ್ತಾನೆ. ‘ಅದರ ಬಗ್ಗೆ ಚರ್ಚೆ’ಗೆ ‘ಡಿಸ್ಕಸ್ ಅಬೌಟ್’ ಅಂತಾನೆ. ಅಲ್ಲಿ ನಮ್ಮ ಪೈಕಿ ಯಾರೂ ಬ್ಯಾಡ, ಆದ್ರೂ ಕರೀತಾನೆ.

ಬಸ್ಸಿಗೆ ಆನ್, ಆಟೋಗೆ ಇನ್. ಇದ್ಯಾವ ನ್ಯಾಯ?

ಒಳಗ ಎದ್ದು ಓಡಾಡೋ ಹಂಗಿದ್ರೆ ಆನ್, ಬಗ್ಗಿ ತೂರಬೇಕಿದ್ರೆ ಇನ್ ಅಂತ ಒಂದು ಲೆಕ್ಕ. ಬೈಕಿನ ಮಾತು ತೆಗೀಬ್ಯಾಡ್ರಿ. ಕಂಪ್ಲಿಯಿಂದ ‘ಆನ್ ದಿ ಬಸ್’ ಬಂದೆ ಅಂತ ಇವನು ಅಜ್ಜಿಗೆ ಪದಪದಕ್ಕೂ ಅರ್ಥ ಬಿಡಿಸಿ ಹೇಳಿದಾನೆ. ‘ಬಸ್ಸಿನ ಮ್ಯಾಲೆ ಯಾಕ ಕುಂತಿದ್ಯೋ ಯಪ್ಪಾ, ಒಳಗ ಸೀಟು ಇದ್ದಿಲ್ಲೇನು?’ ಅಂತ ಆಯಮ್ಮ ಅತ್ತೇಬಿಟ್ಲು.

ಹಾಗಾದರೆ ನಿಯಮ ಉರುಹೊಡೆದರೆ ನೀವು ಒಲಿಯುತ್ತೀರಾ?

ಇಲ್ಲ. ‘ರಾತ್ರಿ ಬಂದೆ’, ‘ಮುಂಜಾನೆ ಹೋದೆ’ ಅನ್ನೋದಕ್ಕೆ ನಿಮಗೆ ಬಾಲಾನೇ ಬ್ಯಾಡ. ನಮಗೆ ಮುಂಜಾನೆಗೆ ‘ಇನ್ ದಿ’, ರಾತ್ರಿಗೆ ಬರೀ ನಾನು. ಯಾಕೆ ಅಂತ ನನ್ನ ಕೇಳಿದ್ರೆ? ಪದದ ಜತೆ ನಮ್ಮನ್ನೂ ಕಟ್ಟಿ ಒಯ್ಯಬೇಕ್ರೀ. ಎಮ್ಮೆ ಕೊಂಡವನು ಹಗ್ಗ ಸಂತ್ಯಾಗ ಬಿಟ್ಟು ಬರ್ತಾನೇನು?

ಬಳ್ಳಾರಿ ಕಡೆಯ ಗಾಡಿ ಬಂತು. ಹುಡುಗ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದ. ನೀವೂ ಬನ್ನಿ ಸಾರ್ ಅಂದೆ.

ನೀವು ಹೋಗ್ರಿ. ಗಾಡಿ ಹತ್ತಿದ ಮ್ಯಾಲೆ ನಮ್ಮಣ್ಣ ಆನ್‌ನ ಹದ್ದು. ನಂದು ಈ ಬೆಂಚಿಗೇ ಮುಗೀತು.